ಹತ್ತನೆಯ ಮಗು ನನ್ನ ಅವ್ವ

ಆಗಸ್ಟ್ ೯

ಇವತ್ತಿನ ಸಭೆ ಜಗಳವಿಲ್ಲದೆ ಮುಗಿಯಿತು. ದೇವರು ದೊಡ್ಡವನು.

ನದಿಯಾಚೆ ಹೊಸ ಊರಿನ ಗುಡ್ಡದ ಮೇಲೆ ಈ ಬೇಸಿಗೆಗೆ ಏಳು ಮನೆ ತಯಾರಾಗಿವೆ. ಮೊದಲು ಏಳು ಸಂಸಾರ ಹೋಗುವುದು, ಮಿಕ್ಕವರು ಮುಂದಿನ ಬೇಸಿಗೆ, ಅದರಾಚೆಯ ಬೇಸಿಗೆ. ನದಿ ನಮ್ಮ ದಂಡೆಯನ್ನು ತಿನ್ನುತ್ತಿರುವ ಪರಿ ನೋಡಿದರೆ ಅದಕ್ಕಿಂತ ಹೆಚ್ಚು ಪುರುಸೊತ್ತಿಲ್ಲ. ನಕ್ಷೆ ಹಿಡಿದು ಬಂದಿದ್ದ ಡಾನಾ ಎಂಬ ಹುಡುಗಿ ಮುಂದೆ ಕಟ್ಟುವ ಮನೆಗಳನ್ನೆಲ್ಲ ಒತ್ತೊತ್ತಾದ ಸಾಲುಗಳಲ್ಲಿ ಹಾಕಿದ್ದಳು. ನೀರಿನ ಪೈಪು ಉದ್ದವಾದಷ್ಟೂ ಹೆಪ್ಪುಗಟ್ಟುತ್ತದೆ ಎಂದು ವಿವರಿಸಿದಳು. ಸರಿಯೇ. ಆದರೆ ಹಬೆಮನೆ ಎಲ್ಲಿ ಎಂದು ನಾನು ಕೇಳಿದೆ. ಒಂದೇ ಬಿಸಿಗಲ್ಲಿನ ಮುಂದೆ ಕೂತು ಬೆವರದೆ ಅಕ್ಕಪಕ್ಕದವರು ಅಕ್ಕಪಕ್ಕದವರಾಗುವುದು ಹೇಗೆ? ಅವಳು ಪೆನ್ಸಿಲು ತೆಗೆದು ಎರಡು ಮನೆಗೊಂದರಂತೆ ಅಲ್ಲೇ ಗುರುತು ಹಾಕಿದಳು. ಒಳ್ಳೆಯ ಹುಡುಗಿ, ಕೇಳುವ ಕಿವಿ ಇದೆ.

ಒಂದು ಷರತ್ತು ಮಾತ್ರ ಕುತ್ತಿಗೆಯ ಮೇಲೆ ಕೂತಿದೆ. ಅಕ್ಟೋಬರಿನ ಎಣಿಕೆಯ ಹೊತ್ತಿಗೆ ಗುಡ್ಡದ ಶಾಲೆಯಲ್ಲಿ ಹತ್ತು ಮಕ್ಕಳಿರಬೇಕು. ಒಂದು ತಲೆ ಕಡಿಮೆಯಾದರೂ ಶಾಲೆ ಮುಚ್ಚುತ್ತದೆ, ಮೇಷ್ಟ್ರು ವಿಮಾನ ಹತ್ತುತ್ತಾರೆ. ಶಾಲೆಯಿಲ್ಲದ ಕಡೆ ಯಾವ ತಾಯಿ ನಿಲ್ಲುತ್ತಾಳೆ? ಏಳು ಸಂಸಾರವೂ ವಾಪಸು ಬರುತ್ತವೆ. ಜನ ನಿಲ್ಲದ ಊರಿಗೆ ಮುಂದಿನ ಮನೆಗಳನ್ನು ಯಾರು ಕಟ್ಟಿಕೊಡುತ್ತಾರೆ? ಹೋಗುವವರ ಮಕ್ಕಳನ್ನು ಎಣಿಸಿದೆವು. ಸರಿಯಾಗಿ ಹತ್ತು. ಅಧ್ಯಕ್ಷನಾದ ನನ್ನ ಅಣ್ಣ ಝಕಾರ್ ಶಿಲುಬೆಯ ಗುರುತು ಹಾಕಿಕೊಂಡ.

"ನಿನ್ನ ಸವಾರಿ ಯಾವಾಗ ಮಾರ್ಫಾ?" ಎಂದ ಲೂಕಾ. ನನ್ನ ಸೋದರಮಾವನ ಮಗ. ನನ್ನನ್ನು ಕೆಣಕದಿದ್ದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಕೆಣಕುವ ಹಕ್ಕೂ ಅವನಿಗಿದೆ.

"ಎಲ್ರದ್ದೂ ಆದ್ಮೇಲೆ. ಚರ್ಚಿನ ಜೊತೆ."

"ಚರ್ಚು ಹೆಂಗೂ ತೇಲ್ಕೊಂಡು ಹೋಗುತ್ತೆ. ಅದರ ಮೇಲೆ ಕೂತ್ಕೊಂಡುಬಿಡು, ದೋಣಿ ಎಣ್ಣೆ ಉಳೀತದೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನ ಮಾತು ಮಾತೇ. ಪಾದ್ರಿಗಳು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ದೀಪ ಹಚ್ಚುವವಳು ನಾನು, ಗಂಟೆ ಹೊಡೆಯುವವಳು ನಾನು. ದೀಪದವಳು ಕೊನೆಗೆ ಹೊರಡಬೇಕು.

ಆಗಸ್ಟ್ ೧೬

ಮೀನು ಸುಗ್ಗಿ. ಬೆಳಗಿನಿಂದ ಸಾಲ್ಮನ್ ಸೀಳಿ ಸೀಳಿ ಹೆಬ್ಬೆರಳು ಮರಗಟ್ಟಿದೆ.

ಅವ್ವ ಬಂದು ಮೀನಿನ ಡಬ್ಬದ ಮೇಲೆ ಕೂತಳು. ಅಣ್ಣನ ಮೊಮ್ಮಗಳಾಗಿ ಅವ್ವ ವಾಪಸು ಬಂದು ಆರು ವರ್ಷವಾಯಿತು. ಅವ್ವ ತೀರಿಕೊಂಡ ಚಳಿಗಾಲ ಕಳೆದು ಅಣ್ಣನ ಮಗಳು ಓಲಿಂಕಾಳಿಗೆ ಹೆಣ್ಣು ಹುಟ್ಟಿದಾಗ ಊರಿನ ಹಿರಿಯರು ನೀರು ಚಿಮುಕಿಸಿ ಅವ್ವನ ಹೆಸರನ್ನೇ ಕರೆದರು: ಪಾನಿಗ್ವಾಕ್. ಅವತ್ತಿನಿಂದ ನನಗೂ ಅಣ್ಣನಿಗೂ ಅವಳು ಅವ್ವ, ಹೆತ್ತ ಓಲಿಂಕಾಳಿಗೆ ಅಜ್ಜಿ. ಈಗ ಮುಂದಿನ ಹಲ್ಲು ಬಿದ್ದಿವೆ. ಹಿಂದೆ ತೀರಿಕೊಂಡಾಗಲೂ ಅವಳಿಗೆ ಅವು ಇರಲಿಲ್ಲ.

"ಮಗಳೆ, ಬಾಲದ ಹತ್ರ ದಪ್ಪ ಆಯ್ತು" ಎಂದಳು ನನ್ನ ಕೈ ನೋಡಿ.

"ಆಯ್ತು ಅವ್ವ, ತೆಳ್ಳಗೆ ಮಾಡ್ತೀನಿ."

"ನಾನು ಸರ್ಕಾರದವರನ್ನ ಓಡಿಸಿದ್ದು ಹೇಳು."

ಹೇಳಿದೆ. ಈ ಬೇಸಿಗೆಯಲ್ಲಿ ಎಷ್ಟನೆಯ ಸಲವೋ. ಮೊಟ್ಟಮೊದಲು ಆಫೀಸಿನವರು ಬಂದು ಊರು ಬಿಡಿ ಎಂದಾಗ ಅವ್ವ ಹೊಸ್ತಿಲಲ್ಲಿ ಕೂತು ಅಂದಿದ್ದಳು: "ನಾನು ಈ ದಂಡೆ ಬಿಟ್ಟು ಏಳಲ್ಲ. ನೀರಿಗೆ ಅಷ್ಟು ಬೇಕಾಗಿದ್ರೆ ಅದೇ ಒಳಗೆ ಬರ್ಲಿ, ಟೀ ಕೊಡ್ತೀನಿ." ಊರೆಲ್ಲ ಆ ಮಾತನ್ನು ವರ್ಷಗಟ್ಟಲೆ ಆಡಿಕೊಂಡು ನಕ್ಕಿತ್ತು. ಇವಳೂ ಡಬ್ಬದಿಂದ ಬೀಳುವಷ್ಟು ನಕ್ಕಳು. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ.

ಆಗಸ್ಟ್ ೨೮

ದೇವಮಾತೆ ಕಣ್ಣುಮುಚ್ಚಿದ ಹಬ್ಬ. ಪ್ರಾರ್ಥನೆ ಓದಿದೆ. ಗುಡ್ಡಕ್ಕೆ ಹೋಗುವವರನ್ನೆಲ್ಲ ಹೆಸರು ಹಿಡಿದು ಅವಳ ಸೆರಗಿನಡಿ ಒಪ್ಪಿಸಿದೆ.

ಸಂಜೆ ಅಣ್ಣನ ಮನೆಯಲ್ಲಿ ಟೀ. ಓಲಿಂಕಾ, ಅವಳ ಗಂಡ ಈವನ್ ಗಂಟುಮೂಟೆ ಕಟ್ಟುತ್ತಿದ್ದರು. ಅವ್ವ ಚಳಿಯ ಬೂಟುಗಳನ್ನು ಡಬ್ಬದಿಂದ ಹೊರಗೆ ತೆಗೆದಿಟ್ಟಳು.

"ಅವು ಒಳಗಿರ್ಬೇಕು ಅಜ್ಜಿ" ಎಂದಳು ಓಲಿಂಕಾ.

"ನಾನು ಈ ದಂಡೆ ಬಿಟ್ಟು ಏಳಲ್ಲ."

ನಾವು ಮೊದಲು ನಕ್ಕೆವು. ಅವಳು ನಗಲಿಲ್ಲ. ಓಲಿಂಕಾ ಮತ್ತೆ ಬೂಟು ಒಳಗಿಟ್ಟಳು, ಇವಳು ಮತ್ತೆ ತೆಗೆದಳು. ಮೂರನೆಯ ಸಲ ಓಲಿಂಕಾ ಬೂಟು ಮುಟ್ಟಲಿಲ್ಲ.

"ಆರು ವರ್ಷದ ಕೂಸು ಅಂದಿದ್ದಕ್ಕೆಲ್ಲ—" ಎಂದು ಈವನ್ ಬಾಯಿ ತೆರೆದ.

"ಕೂಸಲ್ಲ" ಎಂದ ಅಣ್ಣ. "ನಮ್ಮವ್ವ. ಬಾಯಿ ಮುಚ್ಕೊ."

ಅಣ್ಣನದು ತಪ್ಪಲ್ಲ. ಓಲಿಂಕಾಳ ಮೊದಲ ಕೂಸು ಹೆಸರಿಟ್ಟ ತಿಂಗಳಲ್ಲೇ ಹೊರಟುಹೋಯಿತು. ಮನಸ್ಸು ನೋಯಿಸಿದರೆ ಹೆಸರು ನಿಲ್ಲುವುದಿಲ್ಲ, ಎದ್ದು ಹೋಗುತ್ತದೆ ಎನ್ನುತ್ತಾರೆ ಹಿರಿಯರು. ಪಾದ್ರಿಗಳು ಬೇರೆ ಹೇಳುತ್ತಾರೆ. ನಾನು ಇಬ್ಬರನ್ನೂ ನಂಬುತ್ತೇನೆ. ದೇವರ ಮನೆಯಲ್ಲಿ ಜಾಗಕ್ಕೇನು ಬರ.

ನಾಲ್ಕು ದಿನ ಕಳೆದರೆ ಮರೆಯುತ್ತಾಳೆ.

ಸೆಪ್ಟೆಂಬರ್ ೨

ಆರು ದೋಣಿ ಹೋದವು. ಏಳನೆಯದು ಹೋಗಲಿಲ್ಲ.

ಅಲ್ಲಿ ಒಂಬತ್ತು ಮಕ್ಕಳು.

ಸೆಪ್ಟೆಂಬರ್ ೯

ನಾನು ಕೈಕಟ್ಟಿ ಕೂರುವವಳಲ್ಲ. ಕೊಬ್ಬು ನೊರೆ ಬರುವಂತೆ ಕಡೆದು, ಹಣ್ಣು ಸುರಿದು, ಅವ್ವನಿಗೆ ಪ್ರಾಣವಾದ ಅಕುತಾಕ್ ಮಾಡಿ ಬಟ್ಟಲ ತುಂಬ ಒಯ್ದೆ. ಅವಳು ತಿನ್ನುತ್ತಿದ್ದಳು. ಅಣ್ಣ ನೆಲದ ಮೇಲೆ ಕೂತು, ಸಭೆಯಲ್ಲಿ ಮಾತಾಡುವ ದನಿಯಲ್ಲಿ ಶುರುಮಾಡಿದ.

"ಅವ್ವ, ಗುಡ್ಡದ ಮನೇಲಿ ನಲ್ಲಿ ತಿರುಗ್ಸಿದ್ರೆ ನೀರು. ಬಕೆಟ್ ಹೊರೋ ಕೆಲಸಾನೇ ಇಲ್ಲ."

"ನಾನೆಲ್ಲಿ ಹೊರ್ತೀನಿ? ಹೊರೋದು ನೀನು ತಾನೆ ಮಗಾ."

"ಅಲ್ಲಿ ನಿಂಗೇ ಬೇರೆ ಕೋಣೆ."

"ಒಬ್ಳೇ ಮಲಗ್ಬೇಕಾ? ಅಯ್ಯಪ್ಪಾ, ಹಂಗ್ಯಾರು ಮಲಗ್ತಾರೆ!"

"ಅಲ್ಲಿ ನೆಲ ಗಟ್ಟಿ ಅವ್ವ. ಕಲ್ಲು. ಕರಗಲ್ಲ, ಕುಸಿಯಲ್ಲ."

"ಕಲ್ಲಲ್ಲಿ ಮೀನು ಹಿಡೀತೀರಾ?"

ಅಣ್ಣ ನನ್ನ ಮುಖ ನೋಡಿದ. ಊರ ಅಧ್ಯಕ್ಷ, ಮಂತ್ರಿಗಳ ಎದುರು ಕೂತು ಮಾತಾಡಿ ಬಂದವನು. ಅವ್ವ ಬಟ್ಟಲು ನೆಕ್ಕಿ, ನನ್ನ ತಲೆ ಸವರಿ, ಆಡಲು ಹೋದಳು.

"ಅಣ್ಣ, ಗಟ್ಟಿಯಾಗಿ ಹೇಳಬಾರ್ದಾ?"

"ಅವ್ವಂಗಾ? ನಾನಾ? ನೀನೇ ಹೇಳು ನೋಡೋಣ."

ನಾನು ಖಾಲಿ ಬಟ್ಟಲು ಎತ್ತಿಕೊಂಡು ಎದ್ದೆ.

ಸೆಪ್ಟೆಂಬರ್ ೧೫

ವೈರ್‌ಲೆಸ್ಸಿನಲ್ಲಿ ಮೇಷ್ಟ್ರು. ಒಂಬತ್ತು ಮಕ್ಕಳೂ ಚೆನ್ನಾಗಿವೆ, ಹತ್ತನೆಯ ಕುರ್ಚಿಯನ್ನು ಒಲೆಯ ಪಕ್ಕದಲ್ಲೇ ಹಾಕಿಟ್ಟಿದ್ದೇನೆ ಎಂದರು. ದನಿಯಲ್ಲಿ ದೂರು ಇರಲಿಲ್ಲ, ಅದೇ ಕಷ್ಟವಾಯಿತು. ಡಾನಾ ಕೆಳಗಿನ ಊರುಗಳಲ್ಲೆಲ್ಲ ವಿಚಾರಿಸಿದ್ದಾಳೆ, ಮಗು ಕಳಿಸುವವರು ಯಾರೂ ಇಲ್ಲ. ಗುಡ್ಡದಲ್ಲಿ ಇಬ್ಬರು ತಾಯಂದಿರು ಆಗಲೇ ಗಂಟು ಬಿಚ್ಚುವುದನ್ನು ನಿಲ್ಲಿಸಿದ್ದಾರಂತೆ.

ನಮ್ಮ ಊರಿನ ವೈರ್‌ಲೆಸ್ ಎಂದರೆ ಎಲ್ಲರ ಮನೆಯಲ್ಲೂ ಕೇಳುತ್ತದೆ. ಲೂಕಾ ನಡುವೆ ಬಾಯಿ ಹಾಕಿದ.

"ಮೇಷ್ಟ್ರೇ, ನನ್ನ ಮೀಸೆ ಬೋಳಿಸಿ ಒಲೆ ಪಕ್ಕ ಕೂರಿಸ್ಕೊಳ್ಳಿ. ಒಂದನೇ ಕ್ಲಾಸು ನಂಗೂ ಸರಿಯಾಗಿ ಆಗಿಲ್ಲ."

"ನಿಂಗೆ ಒಂದನೇ ಕ್ಲಾಸು ಎಲ್ಲಿ, ತೊಟ್ಲು ಹುಡುಕ್ಬೇಕು" ಎಂದೆ.

"ತೂಗೋಕೆ ನೀನು ಬರ್ತೀಯಾದ್ರೆ ಇವತ್ತೇ ಹೊರಟೆ!"

ಎಲ್ಲ ಮನೆಗಳೂ ನಕ್ಕವು. ನಗುವಿನಿಂದ ಹತ್ತು ಆಗುವುದಿಲ್ಲ. ಕರ್ತನೇ, ಕರುಣಿಸು. ಈ ಊರನ್ನು ಎರಡು ತುಂಡು ಮಾಡಬೇಡ.

ಸೆಪ್ಟೆಂಬರ್ ೨೨

ನೆನ್ನೆ ಗಾಳಿ ಎದ್ದಿತು. ಸಮುದ್ರ ಒಳಗೆ ನುಗ್ಗಿ ನದಿ ಹಿಂದಕ್ಕೆ ಹರಿಯಿತು. ನಮ್ಮ ಮೀನು ಒಣಗಿಸುವ ಅಟ್ಟ ಹೋಯಿತು, ಅದು ನಿಂತಿದ್ದ ನೆಲವೂ ಹೋಯಿತು. ಚರ್ಚಿನ ಮೆಟ್ಟಿಲ ಮುಂದೆ ಇನ್ನು ಉಳಿದಿರುವುದು ಒಂದು ಹಾಸಿಗೆಯಷ್ಟು ಹುಲ್ಲು.

ಚರ್ಚಿನ ದೇವರ ಪಟಗಳನ್ನೆಲ್ಲ ಮನೆಗೆ ತಂದು ನನ್ನ ಮಂಚದ ಮೇಲಿಟ್ಟೆ. ನಾನು ನೆಲದ ಮೇಲೆ.

ಸೆಪ್ಟೆಂಬರ್ ೨೬

ಬರೆಯಲೋ ಬೇಡವೋ.

ಸಂಜೆ ಹಬೆಮನೆಯಲ್ಲಿ ನಾನು, ಓಲಿಂಕಾ, ಅವ್ವ. ಅವ್ವ ಬಾಗಿಲ ಬಳಿಯ ತಂಪಿನಲ್ಲಿ ಕೂತು ನೀರಿನ ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಓಲಿಂಕಾ ಬಿರುಗಾಳಿಯ ಮಾತೆತ್ತಿದಳು. ಅವ್ವ ಅದೇ ಹಾಡು: "ನೀರು ಬರ್ಲಿ, ಟೀ ಕೊಡ್ತೀನಿ."

ನಾನು ನನ್ನ ಆಯುಷ್ಯದಲ್ಲಿ ಅವ್ವನಿಗೆ ಎದುರಾಡಿದವಳಲ್ಲ. ಅವಳು ಬಿಡು ಎಂದಾಗ ಶಾಲೆ ಬಿಟ್ಟೆ, ಆಗಿನ ಮೇಷ್ಟ್ರು ಮನೆ ಬಾಗಿಲಿಗೆ ಬಂದು ಕೇಳಿಕೊಂಡರೂ. ಅವಳು ತೋರಿಸಿದವನನ್ನು ಮದುವೆಯಾದೆ. ಇರುವಷ್ಟು ದಿನ ಒಳ್ಳೆಯವನೇ ಆಗಿದ್ದ, ಆ ಮಾತು ಬೇರೆ. ಇವತ್ತು ಆ ಬಿಸಿಯೇ ಮಾತಾಡಿಸಿತೋ ಏನೋ.

"ಅವ್ವ, ನೀನು ಹೇಳ್ತಿರೋದು ತಪ್ಪು."

ಓಲಿಂಕಾಳ ಕೈಯಿಂದ ಸೌಟು ಬಿತ್ತು.

"ಏನು ತಪ್ಪು?" ಎಂದಳು ಅವ್ವ.

"ನೀರು ಟೀ ಕುಡಿದು ಎದ್ದು ಹೋಗಲ್ಲ. ಎಲ್ಲಾನೂ ತಗೊಂಡು ಹೋಗುತ್ತೆ. ಅವತ್ತು ನೀನು ಹಂಗಂದಾಗ ದಂಡೆ ದೂರ ಇತ್ತು ಅವ್ವ, ಮಕ್ಕಳು ಓಡಿ ಸುಸ್ತಾಗೋಷ್ಟು ದೂರ. ಈಗ ನೋಡು. ಅಲ್ಲಿ ಒಂಬತ್ತು ಮಕ್ಕಳು ನಿನ್ನ ದಾರಿ ಕಾಯ್ತಿದಾವೆ. ನೀನೊಬ್ಬಳು ಹಟ ಹಿಡಿದ್ರೆ ಅಲ್ಲೂ ಊರಿಲ್ಲ, ಇಲ್ಲೂ ಊರಿಲ್ಲ. ಹೋಗ್ಬೇಕು. ನಾನು ಹೇಳ್ತಿದೀನಿ, ಹೋಗ್ಬೇಕು."

ನನ್ನ ದನಿ ಹಲಗೆಗೆ ಬಡಿದು ವಾಪಸು ಬಂತು. ಅವಳ ಕೆಳತುಟಿ ಅದುರಿತು. ಆಯಿತು, ಹೆಸರನ್ನು ಎಬ್ಬಿಸಿ ಕಳಿಸಿಬಿಟ್ಟೆ ಎಂದುಕೊಂಡೆ. ಓಲಿಂಕಾ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು.

"ನೀನೂ ಹೋಗಲ್ಲ ಅಂತಿದೀಯ" ಎಂದಳು ಅವ್ವ.

"ನಾನು ಕೊನೇಲಿ ಬರ್ತೀನಿ. ಚರ್ಚು ನೋಡ್ಕೊಂಡು—"

"ಅಷ್ಟರಲ್ಲಿ ನೀರು ಬಂದ್ರೆ? ನಿನ್ನೊಬ್ಬಳನ್ನೇ ಬಿಟ್ಟು ನಾನು ಹೆಂಗೆ ಹೋಗ್ಲಿ? ನೀನು ನನ್ನ ಮಗಳಲ್ವಾ?"

ಓಲಿಂಕಾ ಸೌಟು ಎತ್ತಿಕೊಂಡು ಕಲ್ಲಿಗೆ ಇನ್ನಷ್ಟು ನೀರು ಹಾಕಿದಳು. ಯಾರ ಮುಖವೂ ಯಾರಿಗೂ ಕಾಣದಷ್ಟು ಹಬೆ ಎದ್ದಿತು. ಒಳ್ಳೆಯದೇ ಆಯಿತು.

ಸೆಪ್ಟೆಂಬರ್ ೨೭

ಶಿಲುಬೆ ಎತ್ತಿದ ಹಬ್ಬ. ಪಟಗಳಿಲ್ಲದ ಗೋಡೆಯ ಮುಂದೆ ನಿಂತು ಓದಿದೆ. ದೇವಮಾತೆಗೆ ಸಿಟ್ಟು ಬಂದಂತೆ ಕಾಣಲಿಲ್ಲ.

ಹೋಗುತ್ತೇನೆ. ನನಗೋಸ್ಕರವಲ್ಲ, ಎಣಿಕೆಗೋಸ್ಕರ. ಎಣಿಕೆ ಮುಗಿದು ನದಿ ಗಟ್ಟಿಯಾಗಿ ಹೆಪ್ಪುಗಟ್ಟಿದ ದಿನ ಹಿಮಗಾಡಿ ಹತ್ತಿ ವಾಪಸು ಬಂದು ದೀಪದ ಮುಂದೆ ಕೂರುತ್ತೇನೆ. ದೇವರ ಎದುರು ಹೇಳಿಯೇ ಬಂದಿದ್ದೇನೆ.

ಬೀಗದ ಕೈ ಯಾರಿಗೆ ಕೊಡುವುದು ಎಂದು ಯೋಚಿಸಿ ಯೋಚಿಸಿ ಕೊನೆಗೆ ಲೂಕಾನ ಬಾಗಿಲಿಗೆ ಹೋದೆ. ಈಸ್ಟರ್ ಬಿಟ್ಟರೆ ಚರ್ಚಿನ ಕಡೆ ತಲೆ ಹಾಕದವನು. ಆದರೆ ಊರಲ್ಲಿ ಉಳಿದವರಲ್ಲಿ ಹೇಳಿದ ಮಾತು ತಪ್ಪದವನು ಅವನೇ.

"ನಾನು ಗಂಟೆ ಹೊಡೆದ್ರೆ ದೇವರು ಗಾಬರಿ ಬೀಳಲ್ವಾ?"

"ಬೀಳ್ಲಿ. ನಿನ್ನ ದನಿ ಅವನಿಗೂ ಗುರುತಾಗ್ಲಿ."

"ಮತ್ತೆ ಪ್ರಾರ್ಥನೆ?"

"ಗೊತ್ತಿರೋಷ್ಟು ಹೇಳು."

"ಕರ್ತನೇ ಕರುಣಿಸು ಅನ್ನೋದೊಂದೇ ಗೊತ್ತು."

"ಸಾಕು."

ನದಿ ಹೆಪ್ಪುಗಟ್ಟಿದ ಮೇಲೆ ತಾನೇ ಗಾಡಿ ತಂದು ನನ್ನನ್ನು ಕರೆದುಕೊಂಡು ಬರುತ್ತೇನೆ ಎಂದು ಬೀಗದ ಕೈ ತೆಗೆದುಕೊಂಡ. ಆಮೇಲೆ ತಮಾಷೆ ಮಾಡಲಿಲ್ಲ. ನನಗೇ ಅದು ಸರಿಬರಲಿಲ್ಲ, ಏನಾದರೂ ಅನ್ನಲಿ ಎಂದು ಸ್ವಲ್ಪ ಹೊತ್ತು ನಿಂತಿದ್ದೆ.

ಅಕ್ಟೋಬರ್ ೧

ಬಂದೆವು. ದಡದ ಗುಂಟ ತೆಳ್ಳಗೆ ಮಂಜುಗಡ್ಡೆ, ದೋಣಿಯ ಮೂತಿಗೆ ಗಾಜಿನ ಹಾಗೆ ಒಡೆಯುತ್ತಿತ್ತು. ದಾರಿಯುದ್ದಕ್ಕೂ ಅವ್ವ ನನ್ನ ಕೈ ಬಿಡಲಿಲ್ಲ. ಪಟಗಳ ಗಂಟು ನನ್ನ ಮಡಿಲಲ್ಲಿ, ಅವಳ ಬೂಟು ಗಂಟಿನ ಮೇಲೆ.

ದಡದಲ್ಲಿ ಎಲ್ಲರೂ ನಿಂತಿದ್ದರು, ಮೇಷ್ಟ್ರೂ. ಅವ್ವ ಇಳಿದವಳೇ ಕಾಲಿನಿಂದ ನೆಲ ಒದ್ದು ನೋಡಿದಳು.

"ಗಟ್ಟಿ ಇದೆ ಮಗಾ" ಎಂದಳು ಅಣ್ಣನಿಗೆ. ಅವನು ಮುಖ ಆಚೆ ತಿರುಗಿಸಿದ.

ಅಕ್ಟೋಬರ್ ೫, ಭಾನುವಾರ

ಚರ್ಚಿಲ್ಲದ ಭಾನುವಾರ ಹೇಗೋ ಎಂದು ಅಳುಕಿತ್ತು. ಶಾಲೆಯಲ್ಲಿ ಮೇಜು ಸರಿಸಿ ಪಟಗಳನ್ನಿಟ್ಟೆವು. ಶುರುಮಾಡಬೇಕು, ಅಷ್ಟರಲ್ಲಿ ವೈರ್‌ಲೆಸ್ ಕರಕರ ಎಂದಿತು. ಆಮೇಲೆ ಗಂಟೆ! ನಮ್ಮ ಗಂಟೆ. ಲೂಕಾ ಒಂದು ಕೈಯಲ್ಲಿ ವೈರ್‌ಲೆಸ್ಸಿನ ಗುಂಡಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುತ್ತಿದ್ದ. ತಾಳವಿಲ್ಲ, ಲೆಕ್ಕವಿಲ್ಲ, ಮನೆಗೆ ಬೆಂಕಿ ಬಿದ್ದವರ ಹಾಗೆ ಬಾರಿಸಿದ. ಹೆಂಗಸರೆಲ್ಲ ಅತ್ತರು. ನಾನು ಅಳಲಿಲ್ಲ, ಓದಬೇಕಿತ್ತು. ಗುಂಡಿ ಒತ್ತಿ ಹಿಡಿಯಲು ಈವನ್‌ಗೆ ಹೇಳಿ ಗಟ್ಟಿಯಾಗಿ ಓದಿದೆ. ಅಲ್ಲಿರುವವರಿಗೂ ಕೇಳಲಿ.

ಗುಂಡಿ ಬಿಟ್ಟಾಗ ಆ ಕಡೆಯಿಂದ ಎಷ್ಟೋ ದನಿ ಒಟ್ಟಿಗೆ: ಕರ್ತನೇ, ಕರುಣಿಸು. ಲೂಕಾನದೇ ಜೋರು, ಶ್ರುತಿ ಬಿಟ್ಟು.

ಅಕ್ಟೋಬರ್ ೧೪

ಡಾನಾ ಬಂದಿದ್ದಾಳೆ. ಮುಂದಿನ ಬೇಸಿಗೆಯ ಮನೆಗಳಿಗೆ ಗೂಟ ಹೊಡೆಯಬೇಕು, ನೆಲ ಪೂರ್ತಿ ಗಡುಸಾಗುವ ಮುಂಚೆ. ಅಣ್ಣನ ಸೊಂಟ ಹಿಡಿದಿದೆ, ನಾನೇ ಹೋದೆ. ದಿನವಿಡೀ ಗಾಳಿಯಲ್ಲಿ ನಿಂತು ಅವಳ ಜೊತೆ ವಾದ.

"ಮಾರ್ಫಾ ಅವರೇ, ಈ ಮನೆ ಸ್ವಲ್ಪ ಆ ಕಡೆ ಬಂದ್ರೆ ಪೈಪು ನೇರ ಆಗುತ್ತೆ."

"ಪೈಪು ನೇರ ಆಗುತ್ತೆ, ಬಾಗಿಲು ಹಿಮದಲ್ಲಿ ಮುಚ್ಚಿಹೋಗುತ್ತೆ."

"ಹಾಗಾದ್ರೆ ಬಾಗಿಲು ತಿರುಗಿಸೋಣ, ಪೈಪು ಇಲ್ಲೇ ಇರ್ಲಿ."

ಅದು ನನಗೆ ಹೊಳೆದಿರಲಿಲ್ಲ. ಒಪ್ಪಿದೆ. ಲೂಕಾನ ಮನೆಯ ಗೂಟವನ್ನು ನಾನೇ ಹೊಡೆದೆ, ಎರಡನೆಯ ಸಾಲಿನಲ್ಲಿ, ಹಬೆಮನೆಗೆ ಹತ್ತಿರ. ಆ ಸೋಮಾರಿಗೆ ಸೌದೆ ಹೊರುವುದು ತಪ್ಪಲಿ. ಚರ್ಚಿಗೆ ನಕ್ಷೆಯಲ್ಲಿ ತೀರಾ ಮೇಲೆ ಜಾಗ ಬಿಟ್ಟಿದ್ದಳು. ಬೇಡ, ಸಾಲುಗಳ ನಡುವೆ ಇರಲಿ ಎಂದೆ. ಮಂಡಿನೋವಿನ ಮುದುಕಿಯರು ಹತ್ತಬೇಡವೇ?

ಬೆರಳು ಮರಗಟ್ಟಿ ಇಷ್ಟೇ ಬರೆಯಲಾಗುತ್ತಿದೆ. ನಾಳೆ ಮೂರನೆಯ ಸಾಲು.

ಅಕ್ಟೋಬರ್ ೨೪

ಎಣಿಕೆ. ಜಿಲ್ಲೆಯ ಕಚೇರಿಯಿಂದ ಒಬ್ಬರು ಪುಟ್ಟ ವಿಮಾನದಲ್ಲಿ ಇಳಿದು, ಬೂಟಿನ ಹಿಮ ಕೊಡವಿ ಒಳಗೆ ಬಂದರು. ಬೇಕಿಲ್ಲದಿದ್ದರೂ ಊರಿನವರೆಲ್ಲ ಗೋಡೆಗೆ ಆತು ನಿಂತಿದ್ದೆವು. ಅಣ್ಣ ಟೋಪಿ ತೆಗೆದು ಹಿಡಿದಿದ್ದ.

ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳಿದರು. ಒಂಬತ್ತು. ಒಲೆಯ ಪಕ್ಕದ ಕುರ್ಚಿಯಿಂದ ಅವ್ವ ಕೊನೆಗೆ ಎದ್ದಳು.

"ಪಾನಿಗ್ವಾಕ್" ಎಂದಳು. ಕೂರಲಿಲ್ಲ. "ಅಲ್ಲಿ ನಿಂತಿರೋದು ನನ್ನ ಮಗಳು. ಅವಳನ್ನೂ ಬರ್ಕೊಳ್ಳಿ. ಅವಳು ಶಾಲೆ ಬಿಟ್ಟುಬಿಟ್ಟಿದಾಳೆ."

ಆಫೀಸಿನವರು ನನ್ನ ನರೆತ ತಲೆ ನೋಡಿದರು, ಅವಳ ಹಲ್ಲಿಲ್ಲದ ಬಾಯಿ ನೋಡಿದರು, ಮೇಷ್ಟ್ರನ್ನು ನೋಡಿದರು.

"ಎಣಿಕೆಗೆ ಸೇರ್ಸೋಕಾಗಲ್ಲ" ಎಂದರು ಮೇಷ್ಟ್ರು ನಗದೆ. "ಬಂದು ಕೂರೋದಕ್ಕೆ ಅಡ್ಡಿ ಇಲ್ಲ."

"ಕೇಳ್ತಾ ಮಗಳೆ?" ಎಂದಳು ಅವ್ವ.

"ಕೇಳ್ತು ಅವ್ವ" ಎಂದೆ.

ಹತ್ತು ಎಂದು ಬರೆದು ಸಹಿ ಹಾಕಿದರು. ಶಾಲೆ ನಿಂತಿತು. ದೇವರು ದೊಡ್ಡವನು.

ಆಮೇಲೆ ಊಟ, ಗದ್ದಲ, ವೈರ್‌ಲೆಸ್ಸಿನಲ್ಲಿ ಆ ಕಡೆಯವರ ಕೂಗು. ಎಲ್ಲ ತಣ್ಣಗಾದ ಮೇಲೆ ಲೂಕಾ ಕೇಳಿದ: "ನದಿ ಹೆಪ್ಪುಗಟ್ಟಿದೆ ಮಾರ್ಫಾ. ಗಾಡಿ ತಗೊಂಡು ಯಾವಾಗ ಬರ್ಲಿ?"

"ಯಾಕೆ? ಏನಾಯ್ತು?"

ಆ ಕಡೆ ಲೂಕಾ ನಕ್ಕದ್ದು ಕೇಳಿಸಿತು.

"ಏನಿಲ್ಲ" ಎಂದ. "ನನ್ನ ಮನೆ ಬಾಗಿಲು ಯಾವ ಕಡೆಗೆ ಇಟ್ಟೆ ಅಂತ ಕೇಳೋಣ ಅಂತ."

"ನಮ್ಮನೆ ಕಡೆಗೆ. ಕಣ್ಣಿಟ್ಟಿರ್ಬೇಕಲ್ಲ ನಿನ್ನ ಮೇಲೆ."

ಅವ್ವ ಆಗಲೇ ಬೆಂಚಿನ ಮೇಲೆ ನಿದ್ದೆ ಹೋಗಿದ್ದಳು, ಬಾಯಿ ತೆರೆದು. ಎಬ್ಬಿಸಲು ಮನಸ್ಸಾಗಲಿಲ್ಲ. ನನ್ನ ಕೋಟಿನೊಳಗೆ ಸುತ್ತಿ ಹೆಗಲಿಗೆ ಹಾಕಿಕೊಂಡೆ. ಹಲಗೆಯ ದಾರಿಯ ಮೇಲೆ ಹೊಸ ಹಿಮ ಬಿದ್ದಿತ್ತು, ಜಾರದಂತೆ ನಿಧಾನವಾಗಿ ನಡೆದೆ. ಭಾರ ಇದ್ದಾಳೆ. ಅವ್ವನನ್ನು ಎತ್ತಿಕೊಂಡು ಮನೆಗೆ ಬಂದೆ.